ಮಗೂನ ಯಾವ ಆಟಕ್ಕೆ ಸೇರ್ಸೋದು? ಫೀಸ್ ಕಟ್ಟೋಕ್ ಮುಂಚೆ ಇಷ್ಟು ಮಾಡಿ

ಜೂನ್ ತಿಂಗಳು ಬಂತು ಅಂದ್ರೆ ಸಾಕು, ನನ್ನ ಫೋನ್‌ಗೆ ಪುರುಸೊತ್ತಿರಲ್ಲ. "ಮಿಸ್, ನಮ್ಮ ಹುಡುಗನ್ನ ಯಾವುದಕ್ಕೆ ಹಾಕೋದು, ಕ್ರಿಕೆಟ್ಟಾ ಬ್ಯಾಡ್ಮಿಂಟನ್ನಾ, ಸ್ವಿಮ್ಮಿಂಗ್ ಮಾಡಿದ್ರೆ ಹೈಟ್ ಬರುತ್ತಂತೆ ಹೌದಾ, ಯಾವುದ್ರಲ್ಲಿ ಬೇಗ ಸ್ಟೇಟ್ ಲೆವೆಲ್ ಆಡ್ಬೋದು" ಅಂತ ಒಬ್ಬರಾದ ಮೇಲೆ ಒಬ್ಬರು. ಬೆಂಗಳೂರಲ್ಲಿ ಪಿಟಿ ಟೀಚರ್ ಆಗಿ ಹತ್ತೊಂಬತ್ತು ವರ್ಷ ಆಯ್ತು. ಮೊದಮೊದಲು ನಾನೂ ಮಗು ಕೈಕಾಲು ನೋಡಿ, ಓಡೋದು ನೋಡಿ, ಇವ್ನು ಇಂಥ ಗೇಮ್‌ಗೆ ಸರಿ ಅಂತ ಹೇಳ್ಬಿಡ್ತಿದ್ದೆ. ಈಗ ಹೇಳಲ್ಲ. ಹಂಗೆ ನಾನು ಹೇಳಿ ಸೇರ್ಸಿದ ಎಷ್ಟೋ ಮಕ್ಕಳು ಆರೇ ತಿಂಗಳಿಗೆ ಬಿಟ್ರು, ನಾನು ಲೆಕ್ಕಕ್ಕೇ ತಗೊಳ್ದೆ ಇದ್ದ ಮಕ್ಕಳು ತಾವಾಗೇ ಒಂದು ಗೇಮ್ ಹಿಡ್ಕೊಂಡು ಇವತ್ತಿಗೂ ಆಡ್ತಿದಾರೆ. ಅವ್ರನ್ನೆಲ್ಲಾ ನೋಡಿ ನೋಡಿ ನಂಗೆ ಅನ್ಸಿದ್ದು ಒಂದೇ, ಮೊದಲ್ನೇ ದಿನ ಮಗು ಹೆಂಗೆ ಆಡ್ತು ಅನ್ನೋದ್ರಿಂದ ಏನೂ ಗೊತ್ತಾಗಲ್ಲ, ಎರಡನೇ ದಿನ ಅದು ಯಾಕೆ ಹೋಗ್ಬೇಕು ಅಂತ ಹಟ ಮಾಡ್ತು ಅನ್ನೋದನ್ನ ಕಂಡುಹಿಡೀಬೇಕು. ಆ ಕಾರಣ ಬಹಳ ಚಿಕ್ಕದಿರುತ್ತೆ, ನಮ್ಮ ಕಣ್ಣಿಗೆ ಬೀಳೋದೇ ಇಲ್ಲ.

ನನ್ನದೇ ಹೇಳ್ತೀನಿ. ನಾನು ಹಾಸನದ ಕಡೆ ಹಳ್ಳಿ ಶಾಲೇಲಿ ಓದಿದ್ದು, ಖೋ ಖೋ ಆಡ್ತಿದ್ದೆ, ಜಿಲ್ಲಾ ಟೀಮಲ್ಲಿದ್ದೆ. ಯಾಕೆ ಖೋ ಖೋ ಅಂತ ಯಾರಾದ್ರೂ ಕೇಳಿದ್ರೆ ಆಗ ಉತ್ತರಾನೇ ಗೊತ್ತಿರ್ಲಿಲ್ಲ. ಈಗ ಗೊತ್ತು. ನಮ್ಮ ಮೇಷ್ಟ್ರಿಗೆ ಬರ್ತಿದ್ದಿದ್ದು ಅದೊಂದೇ, ಎರಡು ಕಂಬ ನೆಟ್ರೆ ಆಟ ರೆಡಿ, ಚೆಂಡು ಬೇಡ ನೆಟ್ಟು ಬೇಡ, ಮತ್ತೆ ನನ್ನ ಅಕ್ಕ ಆ ಟೀಮಲ್ಲಿದ್ಲು, ಅವಳ ಪಕ್ಕದ ಚೌಕದಲ್ಲಿ ಕೂತ್ಕೊಂಡು ಅವಳು ಬೆನ್ನು ತಟ್ಟಿ "ಖೋ" ಅಂದ್ರೆ ಎದ್ದು ಓಡೋದು ನಂಗೆ ಪ್ರಪಂಚದಲ್ಲೇ ದೊಡ್ಡ ಖುಷಿ. ಅಷ್ಟೇ ಕಾರಣ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ್ನೇ ಖೋ ಖೋ ವಿಶ್ವಕಪ್ ಆಗಿ ನಮ್ಮ ದೇಶದ ಗಂಡಸರ ಟೀಮು, ಹೆಂಗಸರ ಟೀಮು ಎರಡೂ ಗೆದ್ವಲ್ಲ, ಟಿ.ನರಸೀಪುರದ ಕಡೆಯ ಚೈತ್ರಾ ಆ ಟೀಮಲ್ಲಿದ್ಲು. ಅವತ್ತು ಟಿವಿ ಮುಂದೆ ಕೂತು ಅತ್ತಿದ್ದೀನಿ ನಾನು.

ಹಂಗಾಗಿ ಮಾಡ್ಬೇಕಾದ ಮೊದಲ್ನೇ ಕೆಲಸ, ನಿಮ್ಮ ಮನೆಯಿಂದ ಇಪ್ಪತ್ತು ನಿಮಿಷದ ಒಳಗೆ ಏನೇನು ಗ್ರೌಂಡು, ಕೋರ್ಟು, ಪೂಲು ಇದೆ ಅಂತ ನೋಡ್ಕೊಂಡು ಬರೋದು. ಗೂಗಲ್ ಮ್ಯಾಪಲ್ಲಿ ತೋರ್ಸೋ ಇಪ್ಪತ್ತು ನಿಮಿಷ ಅಲ್ಲ, ಸಾಯಂಕಾಲ ಐದೂವರೆಗೆ ಸ್ಕೂಟರಲ್ಲಿ ಹೊರಟ್ರೆ ಆಗೋ ಇಪ್ಪತ್ತು ನಿಮಿಷ. ಇದೇನು ಇಷ್ಟು ಸಣ್ಣ ವಿಷ್ಯ ಅನ್ಕೋಬೇಡಿ. ಯಾವ ಮಗು ಯಾವ ಆಟ ಆಡುತ್ತೆ ಅನ್ನೋದನ್ನ ಎಷ್ಟೋ ಸಲ ಮನೆ ಹತ್ರ ಏನಿದೆ ಅನ್ನೋದೇ ನಿರ್ಧಾರ ಮಾಡ್ಬಿಡುತ್ತೆ. ಪ್ರಕಾಶ್ ಪಡುಕೋಣೆ ಅವರು 1980ರಲ್ಲಿ ಆಲ್ ಇಂಗ್ಲೆಂಡ್ ಅನ್ನೋ ದೊಡ್ಡ ಬ್ಯಾಡ್ಮಿಂಟನ್ ಟೂರ್ನಮೆಂಟ್ ಗೆದ್ದೋರು, ಅವರು ಬ್ಯಾಡ್ಮಿಂಟನ್ ಕಲ್ತಿದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲಲ್ಲಿ, ಅದು ಮದುವೆ ಮಾಡೋ ಹಾಲು, ಮದುವೆ ಇದ್ದ ದಿನ ಆಟ ಇಲ್ಲ. ಗಾಲ್ಫ್ ಆಡೋ ಅದಿತಿ ಅಶೋಕ್ ಕಥೆ ಇನ್ನೂ ಚೆನ್ನಾಗಿದೆ, ಅವರ ಮನೆಯವ್ರು ತಿಂಡಿಗೆ ಹೋಗ್ತಿದ್ದ ಹೋಟೆಲಿಂದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನ ಕಾಣ್ತಿತ್ತು, ಅಲ್ಲಿ ಜನ ಏನು ಹೊಡೀತಿದಾರೆ ಅಂತ ನೋಡೋಕೆ ಹೋಗಿ ಐದು ವರ್ಷದ ಹುಡುಗಿ ಶುರು ಮಾಡಿದ್ದು, ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದ್ಲು. ಮನೆಯಲ್ಲಿ ಯಾರೂ ಗಾಲ್ಫ್ ಆಡ್ದೋರಲ್ಲ.

ಕೊಡಗಿನ ಕಡೆ ನೋಡಿ, ಅಲ್ಲಿ ಮಗು ಹಾಕಿ ಆರಿಸ್ಕೊಳ್ಳುತ್ತೆ ಅನ್ನೋದಕ್ಕಿಂತ ಹಾಕಿ ಒಳಗೇ ಹುಟ್ಟುತ್ತೆ ಅನ್ಬೋದು, 1997ರಿಂದ ಮನೆತನಗಳ ಮಧ್ಯೆ ಹಾಕಿ ಹಬ್ಬ ನಡೀತಿದೆ, ಒಂದೊಂದು ವರ್ಷ 300ಕ್ಕೂ ಹೆಚ್ಚು ಟೀಮು, ಅಜ್ಜ ಮೊಮ್ಮಗ ಅತ್ತಿಗೆ ಎಲ್ಲಾ ಒಂದೇ ಟೀಮಲ್ಲಿ ಆಡ್ತಾರೆ. ನಮ್ಮ ಬೆಂಗಳೂರಲ್ಲೇ ಗೌತಮಪುರದ ಕಡೆ ಹೋಗಿ, ಬೀದೀಲಿ ಫುಟ್‌ಬಾಲ್ ಆಟಗಾರ ಪೆಲೆ ಪ್ರತಿಮೆ ಇದೆ, ಅಲ್ಲಿ ಹುಟ್ಟಿದ ಹುಡುಗ ಕಾಲಿಗೆ ಏನು ಸಿಕ್ರೂ ಒದೀತಾನೆ. ಅದೇ ಹುಡುಗ ಮಲ್ಲೇಶ್ವರದಲ್ಲೋ ಬಸವನಗುಡೀಲೋ ಹುಟ್ಟಿದ್ರೆ ಬಾಸ್ಕೆಟ್‌ಬಾಲೋ ಈಜೋ ಆಗ್ತಿತ್ತೇನೋ. ಇದ್ರಲ್ಲಿ ತಪ್ಪೇನಿಲ್ಲ, ಹತ್ರ ಇರೋದು ಅಂದ್ರೆ ದಿನಾ ಹೋಗ್ಬೋದು, ದಿನಾ ಹೋದ್ರೆ ಕೈ ಪಳಗುತ್ತೆ, ಕೈ ಪಳಗಿದ್ರೆ ಇಷ್ಟ ಆಗುತ್ತೆ. ವಿಜಯನಗರದಲ್ಲಿ ಮನೆ ಇಟ್ಕೊಂಡು ಒಳ್ಳೆ ಅಕಾಡೆಮಿ ಅಂತ ಯಲಹಂಕ ಕಡೆ ವಾರಕ್ಕೆ ಐದು ದಿನ ಎಂಟು ವರ್ಷದ ಮಗೂನ ಕರ್ಕೊಂಡು ಹೋಗೋರನ್ನ ನೋಡಿದೀನಿ, ಆ ಮಗು ಆಡೋದು ಒಂದು ಗಂಟೆ, ಕಾರಲ್ಲಿ ಕೂರೋದು ಎರಡೂವರೆ ಗಂಟೆ, ಅದಕ್ಕೆ ಬ್ಯಾಡ್ಮಿಂಟನ್ ಅಂದ್ರೆ ನೆನಪಾಗೋದು ಹೆಬ್ಬಾಳ ಫ್ಲೈಓವರ್ ಜಾಮೇ. ಹದಿನಾಲ್ಕು ಹದಿನೈದಾಗಿ, ಗೇಮು ಇದೇ ಅಂತ ಗಟ್ಟಿಯಾದ್ಮೇಲೆ ಬೇಕಾದ್ರೆ ದೂರ ಹೋಗಿ.

ಈಗ ನಮ್ಮ ಮನೆ ವಿಷ್ಯಕ್ಕೆ ಬರ್ತೀನಿ, ಯಾಕಂದ್ರೆ ಇದನ್ನ ನಾನು ಶಾಲೆಗಿಂತ ಜಾಸ್ತಿ ಮನೇಲೇ ಕಲ್ತಿದ್ದು. ನನ್ನ ಮಗಳು ಒಂಬತ್ತು ವರ್ಷಕ್ಕೆ ಬ್ಯಾಡ್ಮಿಂಟನ್ ಸೇರಿದ್ಲು. ಒಳ್ಳೆ ಕಣ್ಣು, ಒಳ್ಳೆ ಮಣಿಕಟ್ಟು, ಕೋಚ್ ಕೂಡ ಹೊಗಳಿದ್ರು. ಮೂರು ತಿಂಗಳಾದ್ಮೇಲೆ ಮಂಗಳವಾರ ಗುರುವಾರ ಬಂತು ಅಂದ್ರೆ ಹೊಟ್ಟೆ ನೋವು. ಸುಳ್ಳಲ್ಲ, ನಿಜವಾಗ್ಲೂ ನೋವು, ಬಚ್ಚಲಲ್ಲಿ ಹೋಗಿ ಕೂತ್ಬಿಡೋಳು. ಡಾಕ್ಟರ್ ಹತ್ರ ಹೋದ್ವಿ, ಜಂತುಹುಳದ ಔಷಧಿ ಕೊಟ್ಟಿದ್ದಾಯ್ತು. ನಮ್ಮನೆಯವ್ರು ಒಂದಿನ ಕೇಳಿದ್ರು, "ಶನಿವಾರದ ಕ್ಲಾಸಿಗೆ ಯಾಕೆ ನೋವು ಬರಲ್ಲ ಪುಟ್ಟಿ" ಅಂತ. ಅವಾಗ ಗೊತ್ತಾಯ್ತು, ಮಂಗಳವಾರ ಗುರುವಾರ ಮ್ಯಾಚ್ ಆಡಿಸ್ತಿದ್ರು, ಸೋತೋರು ಗೆದ್ದೋರ ಮುಂದೆ ನಿಂತು ಹತ್ತು ಬಸ್ಕಿ ಹೊಡೀಬೇಕು, ಉಳಿದ ಮಕ್ಕಳು ಎಣಿಸ್ಬೇಕು. ನಾನು ಪಿಟಿ ಟೀಚರು, ನಾನೇ ಗೇಟ್ ಹತ್ರ ಬಿಟ್ಟು ಗೇಟ್ ಹತ್ರಾನೇ ಕರ್ಕೊಂಡು ಬರ್ತಿದ್ದೆ, ಒಳಗೆ ಹೋಗಿ ಒಂದು ದಿನ ಕೂತು ನೋಡಿರ್ಲಿಲ್ಲ. ಆ ದುಃಖ ನಂಗಿನ್ನೂ ಇದೆ.

ಬಿಡಿಸಿದ್ವಿ. ನಾಲ್ಕು ತಿಂಗಳು ಯಾವುದೂ ಬೇಡ ಅಂತ ಸುಮ್ನಿದ್ವಿ. ಆಮೇಲೆ ಒಂದು ಬೇಸಿಗೆ ರಜೇಲಿ ಅವಳ ಫ್ರೆಂಡ್ ಒಬ್ಳು ಬಾಸ್ಕೆಟ್‌ಬಾಲ್‌ಗೆ ಹೋಗ್ತಿದ್ಲು, ಇವಳು ಜೊತೇಲಿ ಹೋಗಿ ಕಟ್ಟೆ ಮೇಲೆ ಕೂತ್ಕೊಂಡು ನೋಡೋಳು, ಕೈಯಲ್ಲಿ ಆ ಹುಡುಗಿ ನೀರಿನ ಬಾಟ್ಲು. ಒಂದು ವಾರ ಹಂಗೇ. ಆ ಕೋಚಮ್ಮ ಒಂದಿನವೂ ಬಾ ಆಡು ಅಂತ ಕರೀಲಿಲ್ಲ, ಆದ್ರೆ ದಿನಾ ಹೆಸರು ಹಿಡಿದು ಮಾತಾಡ್ಸೋರು. ಎಂಟನೇ ದಿನ ಚೆಂಡು ಇವಳ ಕಾಲ ಹತ್ರ ಉರುಳ್ಕೊಂಡು ಬಂತು, ಎತ್ತಿ ಎಸೆದ್ಲು, ಅಷ್ಟೇ. ಮಾರನೇ ದಿನ ಬೆಳಗ್ಗೆ ಆರು ಗಂಟೆಗೆ ನಾನು ಎದ್ದು ನೋಡ್ತೀನಿ, ಹಾಲಲ್ಲಿ ಲೈಟ್ ಹಾಕ್ಕೊಂಡು ನೆಲದ ಮೇಲೆ ಕೂತು ಶೂ ಲೇಸ್ ಕಟ್ಕೋತಿದಾಳೆ. ಅಲ್ಲಿವರೆಗೂ ಲೇಸ್ ನಾನೇ ಕಟ್ತಿದ್ದೆ. ಅವಳಿಗೆ ಗಂಟು ಸರಿಯಾಗಿ ಬರ್ತಿರ್ಲಿಲ್ಲ, ಮೂರು ಸಲ ಬಿಚ್ಚಿ ಬಿಚ್ಚಿ ಕಟ್ತಿದ್ಲು, ನಾನು ಸುಮ್ನೆ ಬಾಗಿಲ ಹತ್ರ ನಿಂತಿದ್ದೆ. ಯಾರಾದ್ರೂ ಮಿಸ್ ನಮ್ಮ ಮಗೂಗೆ ಇಂಟ್ರೆಸ್ಟ್ ಇದ್ಯೋ ಇಲ್ವೋ ಹೆಂಗೆ ತಿಳ್ಕೊಳ್ಳೋದು ಅಂದ್ರೆ ನಾನು ಇದನ್ನೇ ಹೇಳೋದು, ಬ್ಯಾಗ್ ಯಾರು ರೆಡಿ ಮಾಡ್ತಾರೆ ನೋಡಿ, ಲೇಸ್ ಯಾರು ಕಟ್ತಾರೆ ನೋಡಿ.

ಎರಡನೇ ಕೆಲಸ ಟ್ರಯಲ್ಲು. ಮೂರು ಬೇರೆ ಬೇರೆ ಥರದ ಆಟ ಆರಿಸ್ಕೊಳ್ಳಿ, ಮೂರೂ ರ‍್ಯಾಕೆಟ್ ಹಿಡಿಯೋದೇ ಆಗ್ಬಾರ್ದು. ಒಂದು ಟೀಮ್ ಗೇಮು, ಒಂದು ಒಬ್ಬರೇ ಆಡೋದು, ಇನ್ನೊಂದು ಸುಮ್ನೆ ಮೈ ಬಳಸೋದು, ಅಂದ್ರೆ ಓಟ, ಈಜು, ಸ್ಕೇಟಿಂಗು, ಜಿಮ್ನಾಸ್ಟಿಕ್ಸ್, ಕರಾಟೆ ಇಂಥದ್ದು. ತುಂಬಾ ಕಡೆ ಒಂದೋ ಎರಡೋ ದಿನ ಫ್ರೀಯಾಗಿ ಬಿಡ್ತಾರೆ, ಕೇಳಿ, ನಾಚ್ಕೋಬೇಡಿ. ಆದ್ರೆ ಒಂದೇ ದಿನಕ್ಕೆ ತೀರ್ಮಾನ ಬೇಡ, ಒಂದೊಂದಕ್ಕೂ ಕಡಿಮೆ ಅಂದ್ರೂ ನಾಲ್ಕೈದು ದಿನ ಕೊಡಿ, ಯಾಕಂದ್ರೆ ಮೊದಲ್ನೇ ದಿನ ಎಲ್ಲಾ ಮಕ್ಕಳಿಗೂ ಭಯ ಇರುತ್ತೆ, ಪೂಲಲ್ಲಂತೂ ಮೂಗಿಗೆ ನೀರು ಹೋದ್ರೆ ಇನ್ಯಾವತ್ತೂ ಬರಲ್ಲ ಅಂತಾವೆ, ನಾಲ್ಕನೇ ದಿನಕ್ಕೆ ಹೊರಗೇ ಬರಲ್ಲ. ವರ್ಷದ ಫೀಸ್ ಒಟ್ಟಿಗೆ ಕಟ್ಟಿದ್ರೆ ಡಿಸ್ಕೌಂಟ್ ಅಂತಾರೆ, ಕಟ್ಬೇಡಿ. ವರ್ಷದ ದುಡ್ಡು ಕಟ್ಟಿದ್ಮೇಲೆ ಮಗು ಬೇಡ ಅಂದ್ರೆ ನಿಮ್ಮ ಬಾಯಲ್ಲಿ ಮೊದಲು ಬರೋ ಮಾತು ದುಡ್ಡಿಂದೇ ಆಗಿರುತ್ತೆ, ಅದನ್ನ ಕೇಳಿಸ್ಕೊಂಡ ಮಗು ಆಮೇಲೆ ನಿಜ ಹೇಳಲ್ಲ.

ಟ್ರಯಲ್ ಟೈಮಲ್ಲಿ ಹೊರಗೆ ಬೆಂಚ್ ಮೇಲೆ ಕೂತ್ಕೊಳ್ಳಿ, ಮೊಬೈಲ್ ಒಳಗಿಡಿ. ನಿಮ್ಮ ಮಗು ಚೆಂಡು ಹೊಡೀತಾ ಬಿಡ್ತಾ ಅಂತ ನೋಡೋಕ್ ಹೋಗ್ಬೇಡಿ, ತನ್ನ ಸರದಿ ಇಲ್ದೇ ಇರೋವಾಗ ಏನ್ಮಾಡುತ್ತೆ ನೋಡಿ. ಲೈನಲ್ಲಿ ನಿಂತಾಗ ಆಟ ನೋಡ್ತಿದ್ಯಾ, ಕೈಯಲ್ಲೇ ಆಕ್ಷನ್ ಮಾಡ್ತಿದ್ಯಾ, ಇಲ್ಲಾ ಗಡಿಯಾರ ನೋಡ್ತಿದ್ಯಾ. ಆಮೇಲೆ ಕೋಚನ್ನ ನೋಡಿ, ಚೆನ್ನಾಗಿ ಆಡೋ ಮಕ್ಕಳ ಜೊತೆ ಹೆಂಗಿದಾರೆ ಅಂತಲ್ಲ, ಬರದೇ ಇರೋ ಮಗು ಜೊತೆ ಹೆಂಗಿದಾರೆ ಅಂತ. ಒಂದು ಗಂಟೇಲಿ ಪ್ರತಿ ಮಗುಗೂ ಎಷ್ಟು ಸಲ ಚೆಂಡು ಸಿಗುತ್ತೆ ಎಣಿಸಿ. ಕ್ರಿಕೆಟ್ ಕೋಚಿಂಗಲ್ಲಿ ಒಂದು ನೆಟ್‌ಗೆ ಇಪ್ಪತ್ತು ಹುಡುಗ್ರನ್ನ ಬಿಟ್ಟಿರ್ತಾರೆ, ಬ್ಯಾಟಿಂಗ್ ಸಿಗೋದು ಐದು ನಿಮಿಷ, ಉಳಿದ ಟೈಮು ಬಿಸಿಲಲ್ಲಿ ಬಾಲ್ ಹೆಕ್ಕೋದು, ಅದನ್ನ ನೋಡಿ ನನ್ನ ಮಗಂಗೆ ಕ್ರಿಕೆಟ್ ಇಷ್ಟ ಇಲ್ಲ ಅನ್ಕೊಂಡ್ಬಿಡ್ತೀರ, ಅವ್ನಿಗೆ ಇಷ್ಟ ಇಲ್ದಿರೋದು ಕಾಯೋದು.

ಮನೆಗೆ ಬಂದ್ಮೇಲೆ "ಹೆಂಗಿತ್ತು" ಅಂತ ಕೇಳಿದ್ರೆ "ಚೆನ್ನಾಗಿತ್ತು" ಅಂತಾರೆ, ಮುಗೀತು. ಬದಲಿಗೆ ಯಾರ ಹೆಸರು ಗೊತ್ತಾಯ್ತು, ಕೋಚ್ ನಿನ್ನ ಹತ್ರ ಏನು ಹೇಳಿದ್ರು, ಯಾವ ಹೊತ್ತಲ್ಲಿ ಬೇಜಾರಾಯ್ತು, ನಾಳೆ ಹೋದ್ರೆ ಮತ್ತೆ ಏನು ಮಾಡ್ಬೇಕು ಅನ್ಸುತ್ತೆ ಅಂತ ಕೇಳಿ, ಅದೂ ಊಟ ಮಾಡ್ಸೋವಾಗಲೋ ಮಲಗೋವಾಗಲೋ, ಗೇಟಿಂದ ಹೊರಗೆ ಬರ್ತಿದ್ದಂಗೇ ಅಲ್ಲ. ನನ್ನ ಹತ್ರ ಮಕ್ಕಳು ಹೇಳಿರೋ ಉತ್ತರಗಳು ಕೇಳಿ. "ಅಲ್ಲಿ ಲಾಸ್ಟಿಗೆ ಎಲ್ರೂ ಕೈ ಮೇಲೆ ಕೈ ಇಟ್ಟು ಕೂಗ್ತಾರೆ ಮಿಸ್." "ಶಟಲ್ ಹೊಡೆದ್ರೆ ಟಪ್ ಅಂತ ಸೌಂಡ್ ಬರುತ್ತೆ." "ನೀರೊಳಗೆ ಯಾರ ಮಾತೂ ಕೇಳ್ಸಲ್ಲ." ಈ ಕೊನೇದನ್ನ ಹೇಳಿದ ಹುಡುಗಂಗೆ ಮನೇಲಿ ಅಪ್ಪ ಅಮ್ಮ ದಿನಾ ಜಗಳ. ಅವ್ನು ಇವತ್ತು ಕಾಲೇಜ್ ಟೀಮಿಗೆ ಈಜ್ತಾನೆ.

ಮಗು ಸ್ವಭಾವ ಇಲ್ಲೇ ಗೊತ್ತಾಗೋದು. ಕೆಲವು ಮಕ್ಕಳಿಗೆ ಎಲ್ರೂ ತನ್ನನ್ನೇ ನೋಡ್ತಿದಾರೆ ಅಂದ್ರೆ ಕೈಕಾಲೇ ಆಡಲ್ಲ, ಅಂಥವ್ರಿಗೆ ಸಿಂಗಲ್ಸ್ ಕೋರ್ಟು ನರಕ, ಟೀಮೊಳಗೆ ಬಿಟ್ರೆ ಅರಳ್ತಾರೆ. ಇನ್ನು ಕೆಲವ್ರಿಗೆ ತನ್ನಿಂದ ಟೀಮ್ ಸೋತ್ರೆ ಅನ್ನೋ ಭಯ, ರಾತ್ರಿ ನಿದ್ದೆ ಬರಲ್ಲ, ಅವ್ರಿಗೆ ಓಟ, ಈಜು, ಚೆಸ್ಸು ಥರ ತನ್ನ ಟೈಮು ತನ್ನ ಲೆಕ್ಕ ಇರೋದು ನೆಮ್ಮದಿ. ಮೈಗೆ ಮೈ ತಾಗೋದು ಕೆಲವು ಮಕ್ಕಳಿಗೆ ಆಗಲ್ಲ, ಅವ್ರನ್ನ ಕಬಡ್ಡಿಗೆ ತಳ್ಬೇಡಿ, ಕೆಲವಕ್ಕೆ ಅದೇ ಬೇಕು, ಮನೇಲಿ ಸೋಫಾ ಮೇಲಿಂದ ಹಾರ್ತಿರೋ ಹುಡುಗನ್ನ ಕಬಡ್ಡಿ ಮ್ಯಾಟ್ ಮೇಲೆ ಬಿಟ್ಟು ನೋಡಿ ಹೆಂಗೆ ಶಾಂತ ಆಗ್ತಾನೆ ಅಂತ. ಪ್ರೊ ಕಬಡ್ಡಿ 2014ರಲ್ಲಿ ಶುರುವಾದ್ಮೇಲೆ ಅಪಾರ್ಟ್‌ಮೆಂಟ್ ಮಕ್ಕಳೂ ಕಬಡ್ಡಿ ಕೇಳ್ತಾರೆ, ನಂಗದು ತುಂಬಾ ಸಂತೋಷ. ಅದಕ್ಕೆ ಮುಂಚೆ ಅದು ಹಳ್ಳಿ ಆಟ ಅಂತ ಮೂಗು ಮುರೀತಿದ್ರು.

ಮೈಕಟ್ಟಿನ ವಿಷ್ಯ. ಸ್ವಿಮ್ಮಿಂಗ್ ಮಾಡಿದ್ರೆ, ಬಾಸ್ಕೆಟ್‌ಬಾಲ್ ಆಡಿದ್ರೆ ಉದ್ದ ಆಗ್ತಾರೆ ಅನ್ನೋದು ನಿಜ ಅಲ್ಲ. ಎತ್ತರ ಬಹಳ ಮಟ್ಟಿಗೆ ಅಪ್ಪ ಅಮ್ಮನಿಂದ ಬರೋದು, ಆಮೇಲೆ ಊಟ ನಿದ್ದೆ. ಉದ್ದ ಇರೋ ಮಕ್ಕಳಿಗೆ ಆ ಆಟಗಳಲ್ಲಿ ಅನುಕೂಲ ಜಾಸ್ತಿ, ಅವ್ರು ಉಳ್ಕೋತಾರೆ, ಗಿಡ್ಡ ಇರೋರು ಬಿಟ್ಟು ಹೋಗ್ತಾರೆ, ಕೊನೇಲಿ ನೋಡಿದ್ರೆ ಬರೀ ಉದ್ದ ಇರೋರೇ ಕಾಣ್ತಾರೆ, ಅಷ್ಟೇ. ಹಂಗಂತ ಎಂಟು ವರ್ಷದ ಮಗು ಹೈಟ್ ಅಳೆದು ಗೇಮ್ ಆರಿಸ್ಬೇಡಿ. ಹೆಣ್ಣು ಮಕ್ಕಳು ಸುಮಾರು 12ಕ್ಕೆ, ಗಂಡು ಮಕ್ಕಳು ಸುಮಾರು 14ಕ್ಕೆ ಒಂದೇ ಸಲ ಜಿಗಿದು ಬೆಳೀತಾರೆ, ಕೆಲವ್ರು ಎರಡು ವರ್ಷ ಮುಂಚೆ ಕೆಲವ್ರು ಎರಡು ವರ್ಷ ತಡ. ಆರನೇ ಕ್ಲಾಸಲ್ಲಿ ಮೀಸೆ ಬಂದಿರೋ ಹುಡುಗ ಶಾಟ್‌ಪುಟ್ಟಲ್ಲಿ ಎಲ್ರನ್ನೂ ಸೋಲಿಸ್ತಾನೆ, ಹತ್ತನೇ ಕ್ಲಾಸಿಗೆ ಉಳಿದೋರು ಅವನ ಸಮ ಬಂದ್ಬಿಟ್ಟಿರ್ತಾರೆ, ಅವನಿಗೆ ಯಾಕೆ ಸೋಲ್ತಿದೀನಿ ಅಂತಾನೇ ಗೊತ್ತಾಗಲ್ಲ ಪಾಪ. ಹಂಗೇ ಹುಟ್ಟಿದ ತಿಂಗಳು. ಸ್ಕೂಲ್ ಗೇಮ್ಸಲ್ಲಿ 14ರೊಳಗೆ, 17ರೊಳಗೆ ಅಂತ ಇರುತ್ತಲ್ಲ, ಕಟ್ ಆಫ್ ಜನವರಿ 1 ಅಂತಿಟ್ಕೊಳ್ಳಿ, ಜನವರೀಲಿ ಹುಟ್ಟಿದ ಮಗುಗೂ ಡಿಸೆಂಬರಲ್ಲಿ ಹುಟ್ಟಿದ ಮಗುಗೂ ಹತ್ರತ್ರ ಒಂದು ವರ್ಷ ವ್ಯತ್ಯಾಸ, ಒಂದೇ ಲೈನಲ್ಲಿ ನಿಲ್ಸಿ ಸೆಲೆಕ್ಷನ್ ಮಾಡ್ತೀವಿ. ದೊಡ್ಡದನ್ನ ಆರಿಸಿ ಚೆನ್ನಾಗಿ ಆಡುತ್ತೆ ಅಂತೀವಿ. ನಿಮ್ಮ ಮಗು ವರ್ಷದ ಕೊನೇಲಿ ಹುಟ್ಟಿದ್ರೆ ಸೆಲೆಕ್ಷನಲ್ಲಿ ಹೆಸರು ಬರ್ಲಿಲ್ಲ ಅಂತ ಆಟ ಬದಲಾಯಿಸ್ಬೇಡಿ, ಎರಡು ವರ್ಷ ಕಾಯಿರಿ.

ಬೆಳೆಯೋ ಹೊತ್ತಲ್ಲಿ ಇನ್ನೊಂದಾಗುತ್ತೆ, ನಿನ್ನೆ ಮೊನ್ನೆವರೆಗೂ ಚೆನ್ನಾಗಿ ಆಡ್ತಿದ್ದ ಮಗು ಇದ್ದಕ್ಕಿದ್ದಂಗೆ ಎಡವೋಕೆ ಶುರು ಮಾಡುತ್ತೆ, ಮಂಡಿ ಕೆಳಗೆ ನೋವು, ಹಿಮ್ಮಡಿ ನೋವು ಅನ್ನುತ್ತೆ. ಮೂಳೆ ಬೇಗ ಉದ್ದ ಆಗಿರುತ್ತೆ, ಸ್ನಾಯು ಇನ್ನೂ ಹೊಂದ್ಕೊಂಡಿರಲ್ಲ. ಸೋಮಾರಿ ಆಗಿದಾನೆ ಅಂತ ಬೈಬೇಡಿ, ಓಟ ಜಿಗಿತ ಕಡಿಮೆ ಮಾಡ್ಸಿ, ನೋವು ಹೋಗ್ಲಿಲ್ಲ ಅಂದ್ರೆ ಮೂಳೆ ಡಾಕ್ಟರಿಗೆ ತೋರ್ಸಿ. ಎಷ್ಟೋ ಮಕ್ಕಳು ಆಟ ಬಿಡೋದು ಈ ಆರೆಂಟು ತಿಂಗಳಲ್ಲೇ.

ಹೆಣ್ಣು ಮಕ್ಕಳ ವಿಷ್ಯಾನ ನಾನು ಬೇರೆಯಾಗೇ ಹೇಳ್ಬೇಕು. ಐದನೇ ಕ್ಲಾಸಲ್ಲಿ ನನ್ನ ಗ್ರೌಂಡಲ್ಲಿ ಹುಡುಗ್ರಷ್ಟೇ ಹುಡುಗೀರು ಇರ್ತಾರೆ, ಎಂಟನೇ ಕ್ಲಾಸಿಗೆ ಬಂದ್ರೆ ಕಾಲು ಭಾಗ. ಆಟ ಬೇಜಾರಾಯ್ತು ಅಂತ ಬಿಟ್ಟೋಳು ನಂಗೆ ನೆನಪಿರೋ ಹಂಗೆ ಒಬ್ಳೋ ಇಬ್ರೋ. ಉಳಿದೋರೆಲ್ಲಾ ಬಿಟ್ಟಿದ್ದು ಟಾಯ್ಲೆಟ್ ಸರಿಯಿಲ್ಲ ಅಂತ, ಬಟ್ಟೆ ಬದಲಾಯಿಸೋಕೆ ಜಾಗ ಇಲ್ಲ ಅಂತ, ಬಿಳಿ ಶಾರ್ಟ್ಸ್ ಹಾಕ್ಬೇಕು ಅಂತ, ಪಕ್ಕದಲ್ಲಿ ಜಿಮ್ ಹುಡುಗ್ರು ನಿಂತು ನೋಡ್ತಾರೆ ಅಂತ, ಪ್ರಾಕ್ಟೀಸ್ ಮುಗಿಯೋಷ್ಟೊತ್ತಿಗೆ ಕತ್ಲಾಗುತ್ತೆ ಅಂತ. ಒಬ್ಳು ಹುಡುಗಿ, ನೂರು ಮೀಟರ್ ಓಡಿದ್ರೆ ಗಾಳಿ, ಏಳನೇ ಕ್ಲಾಸಲ್ಲಿ ಒಂದು ತಿಂಗಳು ಗ್ರೌಂಡಿಗೆ ಬರ್ಲಿಲ್ಲ. ಕೇಳಿದ್ರೆ ತಲೆನೋವು ಮಿಸ್ ಅನ್ನೋಳು. ಒಂದಿನ ಸ್ಟೋರ್ ರೂಮಲ್ಲಿ ನಾನೂ ಅವಳೂ ಕೋನ್ ಜೋಡಿಸ್ತಿದ್ವಿ, ನೆಲ ನೋಡ್ಕೊಂಡೇ ಹೇಳಿದ್ಲು, "ಓಡೋವಾಗ ಮೈ ಅಲ್ಲಾಡುತ್ತೆ ಮಿಸ್, ನಗ್ತಾರೆ." ಅವಳಿಗೆ ಬೇಕಾಗಿದ್ದಿದ್ದು ಒಂದು ಸರಿಯಾದ ಸ್ಪೋರ್ಟ್ಸ್ ಬ್ರಾ, ಅದು ಅವಳಿಗೂ ಗೊತ್ತಿರ್ಲಿಲ್ಲ ಅವರಮ್ಮಂಗೂ ಗೊತ್ತಿರ್ಲಿಲ್ಲ. ಅವರಮ್ಮನ್ನ ಕರೆಸಿ ಮಾತಾಡ್ದೆ, ಅವರು ಗಾರ್ಮೆಂಟ್ಸಲ್ಲಿ ಕೆಲ್ಸ ಮಾಡೋರು, ಮಾರನೇ ವಾರಾನೇ ಎರಡು ತಂದ್ರು. ಹುಡುಗಿ ವಾಪಸ್ ಬಂದ್ಲು.

ಅದಕ್ಕೆ ಹೆಣ್ಣು ಮಗೂನ ಸೇರ್ಸೋಕ್ ಮುಂಚೆ ಅಮ್ಮ ಆದೋಳು ಆ ಜಾಗದ ಟಾಯ್ಲೆಟ್‌ಗೆ ತಾನೇ ಒಂದ್ಸಲ ಹೋಗಿ ಬರ್ಲಿ, ಬಾಗಿಲ ಚಿಲಕ ಇದ್ಯಾ, ನೀರು ಬರುತ್ತಾ, ಡಸ್ಟ್‌ಬಿನ್ ಇದ್ಯಾ ನೋಡಿ. ಲೇಡಿ ಕೋಚ್ ಒಬ್ರಾದ್ರೂ ಇದಾರಾ, ಇವಳ ವಯಸ್ಸಿನ ಹುಡುಗೀರು ಎಷ್ಟು ಜನ ಇದಾರೆ, ತನಗಿಂತ ದೊಡ್ಡ ಹುಡುಗೀರು ಆಡ್ತಿದಾರಾ ಕೇಳಿ. ಹದಿನಾರು ಹದಿನೇಳರ ಅಕ್ಕಂದ್ರು ಇರೋ ಕ್ಲಬ್ಬಲ್ಲಿ ಚಿಕ್ಕ ಹುಡುಗೀರು ಉಳ್ಕೋತಾರೆ, ಮುಟ್ಟಾದಾಗ ಏನ್ಮಾಡ್ಬೇಕು ಅಂತ ಅವರನ್ನ ಕೇಳ್ತಾರೆ, ಕೋಚನ್ನ ಕೇಳಲ್ಲ. ಮತ್ತೆ ಮನೇಲಿ ಮುಟ್ಟಿನ ದಿನ ಆಡ್ಬಾರ್ದು ಅಂತ ಹೇಳ್ಬೇಡಿ, ಮೈ ಸರಿಯಿದ್ರೆ ಆಡ್ಬೋದು, ನೋವಿದ್ರೆ ಬೇಡ, ಅದನ್ನ ಅವಳೇ ಹೇಳ್ಲಿ.

ದುಡ್ಡು. ಇದನ್ನ ಮುಚ್ಚಿಡೋದು ಬೇಡ, ಸೇರ್ಸೋಕ್ ಮುಂಚೆ ಫೀಸ್ ಒಂದೇ ಅಲ್ಲ, ಸಾಮಾನಿಗೆಷ್ಟು ಅಂತ ಅಲ್ಲಿರೋ ಬೇರೆ ಅಪ್ಪ ಅಮ್ಮಂದಿರನ್ನ ಕೇಳಿ. ಬ್ಯಾಡ್ಮಿಂಟನ್ನಲ್ಲಿ ಮಗು ಸ್ವಲ್ಪ ಮುಂದೆ ಹೋಯ್ತು ಅಂದ್ರೆ ಫೆದರ್ ಶಟಲ್ ಖರ್ಚು ತಿಂಗಳ ರೇಷನ್ ಥರ ಆಗುತ್ತೆ, ಕ್ರಿಕೆಟ್ಟಲ್ಲಿ ಇಂಗ್ಲಿಷ್ ವಿಲೋ ಬ್ಯಾಟ್ ಕೇಳೋ ದಿನ ಬರುತ್ತೆ, ಟೆನಿಸ್ ಅಂತೂ ಊರೂರು ಟೂರ್ನಮೆಂಟು. ಓಟಕ್ಕೆ, ಖೋ ಖೋಗೆ, ಕಬಡ್ಡಿಗೆ ಒಂದು ಜೊತೆ ಶೂ ಸಾಕು. ಕೈಲಾಗಲ್ಲ ಅಂದ್ರೆ ನಮ್ಮ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಕ್ರೀಡಾ ನಿಲಯಗಳಿವೆ, ಸೆಲೆಕ್ಷನ್ ಟ್ರಯಲ್ಸ್ ಮಾಡ್ತಾರೆ, ಊಟ ವಸತಿ ಕೋಚಿಂಗ್ ಎಲ್ಲಾ ಅಲ್ಲೇ, ಜಿಲ್ಲಾ ಕ್ರೀಡಾಂಗಣದ ಆಫೀಸಲ್ಲಿ ವಿಚಾರಿಸಿ. ನಿಮ್ಮ ಶಾಲೆ ಪಿಟಿ ಟೀಚರನ್ನೂ ಕೇಳಿ, ನಾವಿರೋದೇ ಅದಕ್ಕೆ.

ಒಂದೇ ಆಟಕ್ಕೆ ಯಾವಾಗ ನಿಲ್ಲೋದು ಅಂತ ತುಂಬಾ ಜನ ಕೇಳ್ತಾರೆ, ಬೇಗ ಹಿಡಿದ್ರೆ ಬೇಗ ಮೇಲೆ ಬರ್ತಾರೆ ಅನ್ನೋ ನಂಬಿಕೆ. ಅಮೆರಿಕದ ಮಕ್ಕಳ ಡಾಕ್ಟರುಗಳ ಸಂಘ 2016ರಲ್ಲಿ ಹೇಳಿದ್ದು, 15-16 ವರ್ಷದವರೆಗೂ ಒಂದೇ ಆಟಕ್ಕೆ ಕಟ್ಟಿಹಾಕ್ಬೇಡಿ, ವಾರದಲ್ಲಿ ಒಂದೆರಡು ದಿನ ರಜೆ ಕೊಡಿ, ವರ್ಷದಲ್ಲಿ ಒಟ್ಟು ಮೂರು ತಿಂಗಳು ಆ ಆಟದಿಂದ ಬಿಡುವು ಕೊಡಿ ಅಂತ. ಮಕ್ಕಳ ಡಾಕ್ಟರುಗಳು ಇನ್ನೊಂದು ಸುಲಭದ ಲೆಕ್ಕಾನೂ ಹೇಳ್ತಾರೆ, ವಾರಕ್ಕೆ ಎಷ್ಟು ಗಂಟೆ ಕೋಚಿಂಗ್ ಅನ್ನೋದು ಮಗು ವಯಸ್ಸನ್ನ ದಾಟ್ಬಾರ್ದು, ಹತ್ತು ವರ್ಷದ ಮಗುಗೆ ಹತ್ತು ಗಂಟೆ ಮೇಲೆ ಬೇಡ. ಜಿಮ್ನಾಸ್ಟಿಕ್ಸ್ ಥರದ್ದು ಬೇರೆ, ಅಲ್ಲಿ ಚಿಕ್ಕ ವಯಸ್ಸಲ್ಲೇ ಶುರುವಾಗುತ್ತೆ, ಈಜಲ್ಲೂ ಬೇಗ ಮೇಲೆ ಬರೋರಿದಾರೆ, ನಮ್ಮ ಬೆಂಗಳೂರಿನ ಧಿನಿಧಿ ದೇಸಿಂಗು 14 ವರ್ಷಕ್ಕೇ 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ್ಲು. ಆದ್ರೆ ಉಳಿದ ಆಟಗಳಲ್ಲಿ ದಾರಿ ಬದಲಾಯಿಸಿದೋರು ಎಷ್ಟು ಜನ ಬೇಕು. ರಾಹುಲ್ ದ್ರಾವಿಡ್ ಸ್ಕೂಲ್ ದಿನದಲ್ಲಿ ಜೂನಿಯರ್ ಸ್ಟೇಟ್ ಹಾಕಿ ಆಡಿದೋರು. ಉಸೇನ್ ಬೋಲ್ಟ್ ಕ್ರಿಕೆಟ್ ಆಡ್ತಿದ್ದ ಹುಡುಗ, ಅವನ ಓಟ ನೋಡಿ ಕ್ರಿಕೆಟ್ ಕೋಚೇ ಟ್ರ್ಯಾಕ್‌ಗೆ ಹೋಗು ಅಂದಿದ್ದು. ನೀರಜ್ ಚೋಪ್ರಾನ ಮನೆಯವ್ರು ಪಾಣಿಪತ್‌ಗೆ ಕಳ್ಸಿದ್ದು ದಪ್ಪ ಇದಾನೆ ಕರಗ್ಲಿ ಅಂತ, ಅವನಲ್ಲಿ ಜಾವೆಲಿನ್ ಎಸೆಯೋರನ್ನ ನೋಡಿದ.

ಅಪ್ಪ ಅಮ್ಮ ಆಡ್ತಿದ್ದ ಆಟಾನೇ ಮಗು ಆಡ್ಲಿ ಅನ್ನೋ ಆಸೆ ನಂಗೂ ಇತ್ತು. ಪಿ.ವಿ. ಸಿಂಧು ಅಪ್ಪ ಅಮ್ಮ ಇಬ್ರೂ ವಾಲಿಬಾಲ್ ಆಡಿದೋರು, ಅಪ್ಪಂಗೆ ಅರ್ಜುನ ಪ್ರಶಸ್ತಿ ಬಂದಿದೆ, ಅಷ್ಟೆತ್ತರ ಬೆಳೆದ ಮಗಳು ಹಿಡಿದಿದ್ದು ಬ್ಯಾಡ್ಮಿಂಟನ್ನು, ಅದೂ 2001ರಲ್ಲಿ ಗೋಪಿಚಂದ್ ಆಲ್ ಇಂಗ್ಲೆಂಡ್ ಗೆದ್ದಿದ್ದು ನೋಡಿ. ನಮ್ಮ ಅಶ್ವಿನಿ ಪೊನ್ನಪ್ಪ ಅಪ್ಪ ಹಾಕಿ ಆಟಗಾರ, ಮಗಳು ಶಟಲ್. ಮನೆಯಿಂದ ಮಗು ಆಡೋ ಅಭ್ಯಾಸ ತಗೊಳ್ಳುತ್ತೆ, ಯಾವ ಆಟ ಅನ್ನೋದನ್ನ ಬೇರೆಲ್ಲೋ ಹುಡುಕ್ಕೊಳ್ಳುತ್ತೆ. ನೀವೂ ಭಾನುವಾರ ಒಂದು ಗಂಟೆ ಮಗು ಜೊತೆ ಏನಾದ್ರೂ ಆಡಿ, ಅಂಗಳದಲ್ಲೋ ಟೆರೇಸ್ ಮೇಲೋ, ಕೋಚಿಂಗ್ ಥರ ಅಲ್ಲ, ಸುಮ್ನೆ.

ಇನ್ನು ಬಿಡ್ತೀನಿ ಅಂದಾಗ. ಅವತ್ತೇ ಹೂಂ ಅನ್ಬೇಡಿ, ಅವತ್ತೇ ಬೇಡ ಅಂತಾನೂ ಅನ್ಬೇಡಿ. ಸೋತ ದಿನ, ಬೈಸ್ಕೊಂಡ ದಿನ ಹೇಳಿದ ಮಾತು ಒಂದು ವಾರದ ಮೇಲೂ ಅದೇ ಇದ್ಯಾ ನೋಡಿ. ಟೀಮಲ್ಲಿದ್ರೆ ಒಪ್ಕೊಂಡಿರೋ ಟೂರ್ನಮೆಂಟ್ ಮುಗಿಸಿ ಬಿಡ್ಲಿ, ಉಳಿದ ಮಕ್ಕಳಿಗೆ ತೊಂದ್ರೆ ಆಗ್ಬಾರ್ದು. ಆದ್ರೆ ಹೊಡೀತಾರೆ, ಮೈ ಮುಟ್ತಾರೆ, ಅವಮಾನ ಮಾಡ್ತಾರೆ ಅಂತ ಗೊತ್ತಾದ್ರೆ ಟೂರ್ನಮೆಂಟೂ ಇಲ್ಲ ಏನೂ ಇಲ್ಲ, ಆ ಸಾಯಂಕಾಲಾನೇ ಕರ್ಕೊಂಡು ಬನ್ನಿ. ಹಂಗೇನೂ ಇಲ್ದೆ ಸುಮ್ನೆ ಮನಸ್ಸು ಬದಲಾಗಿದ್ರೆ, ಮಗುನೇ ಕೋಚ್ ಹತ್ರ ಹೋಗಿ ಸರ್ ನಾನು ಈ ತಿಂಗಳಿಂದ ಬರಲ್ಲ ಅಂತ ಹೇಳಿ ಬರ್ಲಿ, ನೀವು ಪಕ್ಕದಲ್ಲಿ ನಿಂತಿರಿ ಸಾಕು, ವಾಟ್ಸಾಪಲ್ಲಿ ಮೆಸೇಜ್ ಹಾಕಿ ಮುಗಿಸ್ಬೇಡಿ. ನೋಡಿ, ಹಿಂಗೆ ಹೇಳಿ ಬಂದ ಮಕ್ಕಳು ಆರು ತಿಂಗಳು ಬಿಟ್ಟು ವಾಪಸ್ ಹೋಗೋದೂ ಉಂಟು, ಬಾಗಿಲು ತೆಗ್ದಿರುತ್ತೆ.

ಬಿಟ್ಟ ಆಟದ ಸಾಮಾನನ್ನ ಮಗು ಕಣ್ಣ ಮುಂದೆ ನೇತಾಕ್ಬೇಡಿ. ನಮ್ಮನೇಲಿ ಆ ರ‍್ಯಾಕೆಟ್ಟು ಒಂದು ವರ್ಷ ಬೀರು ಪಕ್ಕ ನಿಂತಿತ್ತು, ಬಂದೋರೆಲ್ಲಾ ಯಾಕೆ ಬಿಟ್ಟೆ ಪುಟ್ಟಿ ಅಂತ ಕೇಳೋರು, ಅವಳ ಮುಖ ಸಣ್ಣಗಾಗೋದು. ಆಮೇಲೆ ಕೆಳಗಿನ ಮನೆ ಬಾಡಿಗೆಗೆ ಬಂದೋರ ಹುಡುಗಿ, ಏಳು ವರ್ಷ, ದಿನಾ ಮೆಟ್ಟಿಲ ಮೇಲೆ ಪ್ಲಾಸ್ಟಿಕ್ ಬ್ಯಾಟಲ್ಲಿ ಆಡ್ತಿದ್ಲು. ನನ್ನ ಮಗಳೇ ರ‍್ಯಾಕೆಟ್ ತಗೊಂಡು ಹೋಗಿ, ಹಿಡಿಗೆ ಹೊಸ ಗ್ರಿಪ್ ಸುತ್ತಿ, ಹೆಬ್ಬೆರಳು ಎಲ್ಲಿಡ್ಬೇಕು ಅಂತ ತೋರಿಸಿ ಕೊಟ್ಟು ಬಂದ್ಲು. ಈಗ ಸಾಯಂಕಾಲ ಕಾಂಪೌಂಡಲ್ಲಿ ಟಪ್ ಟಪ್ ಅಂತ ಸೌಂಡ್ ಬರ್ತಿರುತ್ತೆ, ಇವಳು ಬಾಸ್ಕೆಟ್‌ಬಾಲ್ ಮುಗಿಸಿ ಬಂದು, ಶೂ ಕೂಡ ಬಿಚ್ದೆ, ಐದು ನಿಮಿಷ ಆ ಹುಡುಗಿಗೆ ಶಟಲ್ ಹಾಕಿ ಕೊಟ್ಟು ಮೇಲೆ ಬರ್ತಾಳೆ.